ಒತ್ತು, ತಿರುಗಿಸು, ಮುಟ್ಟು: ಒಂದು ಅಂಗೈಯಾಟದ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳ ಕಡೆಗೆ, ಶಿಲಾಶಾಸನಗಳ ಕಡೆಗೆ ಹೊರಳುತ್ತದೆ. ಅದು ಸಹಜವೇ. ಆದರೆ ಮಕ್ಕಳ ಆಟದ ಸಾಮಾನಿಗೂ ಒಂದು ಚರಿತ್ರೆಯುಂಟು. ಅದನ್ನು ಯಾರು ಮಾಡಿದರು, ಏಕೆ ಹಾಗೆ ಮಾಡಿದರು, ಮುಂದೆ ಬಂದವರು ಅದನ್ನು ಹೇಗೆ ಬದಲಿಸಿದರು, ಯಾವುದು ಉಳಿಯಿತು, ಯಾವುದು ಅಳಿಯಿತು ಎಂದು ವಿಚಾರಿಸುತ್ತ ಹೋದರೆ, ದೊಡ್ಡವರ ಚರಿತ್ರೆಯಲ್ಲಿ ದೊರೆಯುವ ಪಾಠಗಳೇ ಅಲ್ಲಿಯೂ ದೊರೆಯುತ್ತವೆ.

ಸಂಘದ ಯಾವ ಸಮಾರಂಭಕ್ಕೆ ಹೋದರೂ ಹಿಂದಿನ ಸಾಲಿನಲ್ಲಿ ಐದಾರು ಮಕ್ಕಳು ತಲೆ ತಗ್ಗಿಸಿಕೊಂಡು ಅಂಗೈಯಲ್ಲಿರುವ ಪರದೆಯನ್ನು ನೋಡುತ್ತ ಕುಳಿತಿರುವುದು ಇಂದು ಸಾಮಾನ್ಯ ದೃಶ್ಯ. ಹಿರಿಯರು ಗೊಣಗುತ್ತಾರೆ. "ಬೆರಳು ಮಾತ್ರ ಆಡುತ್ತದೆ, ಬಾಯಿ ಆಡುವುದಿಲ್ಲ" ಎನ್ನುತ್ತಾರೆ. ಈ ಗೊಣಗಾಟದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕೈಯಾಟಗಳೆಲ್ಲ ಒಂದೇ ಬಗೆಯವು ಎಂದು ತೀರ್ಪು ಕೊಡುವುದಕ್ಕೆ ಮುಂಚೆ ಒಂದನ್ನಾದರೂ ಆಮೂಲಾಗ್ರವಾಗಿ ನೋಡುವುದು ನ್ಯಾಯ. ಆ ಉದ್ದೇಶದಿಂದ ನಾವು ಇಲ್ಲಿ ಎತ್ತಿಕೊಂಡಿರುವುದು ಜಪಾನಿನ ನಿಂಟೆಂಡೊ ಸಂಸ್ಥೆಯ 'ವಾರಿಯೋವೇರ್' ಎಂಬ ಆಟಗಳ ಮಾಲೆಯನ್ನು. 2003ರಿಂದ 2023ರವರೆಗೆ ಇಪ್ಪತ್ತು ವರ್ಷಗಳಲ್ಲಿ ಈ ಮಾಲೆ ಒಂದು ವಿಚಿತ್ರವಾದ ಹಟವನ್ನು ಸಾಧಿಸಿಕೊಂಡು ಬಂದಿದೆ. ಪ್ರತಿ ಸಲವೂ ಆಟಗಾರನ ಕೈಗೆ ಒಂದು ಹೊಸ ಕೆಲಸ ಕೊಡಬೇಕು ಎಂಬುದೇ ಆ ಹಟ.

ಇಸ್ಪೀಟು ಕಾರ್ಖಾನೆಯ ರಿಪೇರಿಗಾರ

ಮೊದಲು ಸ್ವಲ್ಪ ಹಿನ್ನೆಲೆ. ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಫುಸಾಜಿರೊ ಯಮಾಉಚಿ ಎಂಬಾತ 'ಹನಾಫುದ' ಎಂಬ ಹೂವಿನ ಚಿತ್ರದ ಎಲೆಗಳನ್ನು ತಯಾರಿಸಿ ಮಾರಲು ಆರಂಭಿಸಿದ. ನಮ್ಮ ಕಡೆಯ ಇಸ್ಪೀಟಿನಂತೆಯೇ ಅದೂ ಕೈಯಲ್ಲಿ ಹಿಡಿದು ಆಡುವ ಆಟ. ಮುಕ್ಕಾಲು ಶತಮಾನ ಕಳೆದ ಮೇಲೆ, 1965ರಲ್ಲಿ, ಗುನ್‌ಪೈ ಯೊಕೊಯಿ ಎಂಬ ತರುಣ ಆ ಕಾರ್ಖಾನೆಗೆ ನೌಕರಿಗೆ ಸೇರಿದ. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಅವನ ಕೆಲಸ. ಯಂತ್ರ ಕೆಡದಿದ್ದ ದಿನ ಅವನಿಗೆ ಬಿಡುವು. ಆ ಬಿಡುವಿನಲ್ಲಿ ಅವನು ಇಕ್ಕಳದಂತೆ ಉದ್ದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿದುತರುವ ಒಂದು ಕೈ ಮಾಡಿಕೊಂಡು ಆಡುತ್ತಿದ್ದ. ಅಧ್ಯಕ್ಷ ಹಿರೋಶಿ ಯಮಾಉಚಿ ಅದನ್ನು ಕಂಡ. ಗದರಿಸಿ ಕಳುಹಿಸುವ ಬದಲು ಅದನ್ನೇ ಆಟಿಕೆಯಾಗಿ ಮಾಡು ಎಂದ. 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ಪ್ರಸಂಗದಲ್ಲಿ ಬೆರಗಾಗುವುದು ಆಟಿಕೆಗಿಂತ ಆ ಅಧ್ಯಕ್ಷನ ವಿಷಯದಲ್ಲಿ ಎಂದರೆ ವಾಚಕರು ನಗಬಾರದು.

ಯೊಕೊಯಿಯ ಎರಡನೆಯ ದೊಡ್ಡ ಆಲೋಚನೆ ಹೊಳೆದದ್ದು ರೈಲಿನಲ್ಲಿ. ಬೇಸರ ಕಳೆಯಲು ಒಬ್ಬ ಪ್ರಯಾಣಿಕ ಲೆಕ್ಕ ಮಾಡುವ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದುದನ್ನು ಅವನು ಕಂಡ. ಕ್ಯಾಲ್ಕುಲೇಟರಿನಲ್ಲಿರುವ ಅದೇ ಅಗ್ಗದ ಪರದೆ, ಅದೇ ಅಗ್ಗದ ಬಿಲ್ಲೆಯಿಂದ ಒಂದು ಪುಟ್ಟ ಆಟ ಮಾಡಬಾರದೇಕೆ? 1980ರಲ್ಲಿ 'ಗೇಮ್ ಅಂಡ್ ವಾಚ್' ಹೊರಬಿತ್ತು. ಆಟವೂ ಹೌದು, ಗಡಿಯಾರವೂ ಹೌದು. ಒಟ್ಟು ಸುಮಾರು 4 ಕೋಟಿ 34 ಲಕ್ಷ ಮಾರಾಟವಾದವು. 1982ರಲ್ಲಿ ಅದೇ ಸಾಲಿನ 'ಡಾಂಕಿ ಕಾಂಗ್' ಆಟಕ್ಕಾಗಿ ಅವನು ಕೂಡು ಚಿಹ್ನೆಯ ಆಕಾರದ ಗುಂಡಿಯನ್ನು ರೂಪಿಸಿದ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ದಿಕ್ಕು ಒಂದೇ ಹೆಬ್ಬೆರಳಿಗೆ. ಇಂದು ಜಗತ್ತಿನ ಯಾವ ಆಟದ ಯಂತ್ರ ತೆಗೆದುಕೊಂಡರೂ ಆ ಗುಂಡಿಯ ವಂಶಸ್ಥನೊಂದು ಕಾಣಸಿಗುತ್ತದೆ. 1989ರ 'ಗೇಮ್ ಬಾಯ್' ಯಂತ್ರವೂ ಅವನ ವಿಭಾಗದ್ದೇ.

ಯೊಕೊಯಿಯ ಸಿದ್ಧಾಂತ ಸರಳ. ಹೊಚ್ಚ ಹೊಸ ತಂತ್ರದ ಬೆನ್ನು ಹತ್ತಬೇಡ. ಹಳತಾಗಿ, ಪಳಗಿ, ಅಗ್ಗವಾಗಿರುವುದನ್ನು ಯಾರೂ ಊಹಿಸದ ಕೆಲಸಕ್ಕೆ ಹಚ್ಚು. ಹಳೆಯ ಸೀರೆಯಿಂದ ಕೌದಿ ಹೊಲಿದ ನಮ್ಮ ಅಜ್ಜಿಯರಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯೊಕೊಯಿ 1996ರಲ್ಲಿ ಸಂಸ್ಥೆಯನ್ನು ಬಿಟ್ಟ. 1997ರ ಅಕ್ಟೋಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆದರೆ ಅವನು ಕಟ್ಟಿ ಬೆಳೆಸಿದ್ದ ಒಂದನೆಯ ಸಂಶೋಧನಾ ವಿಭಾಗ ಉಳಿದಿತ್ತು. ನಮ್ಮ ಕಥಾವಸ್ತುವಾದ ವಾರಿಯೋವೇರ್ ಹುಟ್ಟಿದ್ದು ಅದೇ ವಿಭಾಗದಲ್ಲಿ.

ಐದು ಸೆಕೆಂಡು, ಒಂದು ಮಾತು

ವಾರಿಯೋ ಎಂಬ ಪಾತ್ರ 1992ರಲ್ಲಿ ಗೇಮ್ ಬಾಯ್ ಆಟವೊಂದರಲ್ಲಿ ಖಳನಾಗಿ ಬಂದವನು. ಜಪಾನೀ ಭಾಷೆಯಲ್ಲಿ 'ವರುಯಿ' ಎಂದರೆ ಕೆಟ್ಟ. ಪ್ರಸಿದ್ಧ ನಾಯಕ ಮಾರಿಯೋನ ಹೆಸರಿಗೆ ಆ ಕೆಟ್ಟತನವನ್ನು ಬೆಸೆದರೆ ವಾರಿಯೋ. ದಪ್ಪ ಮೂಗು, ಡೊಂಕು ಮೀಸೆ, ದುಡ್ಡಿನ ದುರಾಸೆ. ಆಟದ ವ್ಯಾಪಾರದಲ್ಲಿ ಹಣವಿದೆ ಎಂದು ತಿಳಿದು ಅವನು ಒಂದು ಕಂಪನಿ ತೆರೆಯುತ್ತಾನೆ. ಕೆಲಸವನ್ನೆಲ್ಲ ಸ್ನೇಹಿತರಿಂದ ಮಾಡಿಸಿಕೊಂಡು ಲಾಭವನ್ನು ತಾನೇ ನುಂಗಲು ನೋಡುತ್ತಾನೆ. ಕಥೆ ಇಷ್ಟೇ.

ಮೊದಲ ಆಟ 2003ರ ಮಾರ್ಚ್ 21ರಂದು 'ಗೇಮ್ ಬಾಯ್ ಅಡ್ವಾನ್ಸ್' ಯಂತ್ರಕ್ಕಾಗಿ ಜಪಾನಿನಲ್ಲಿ ಬಿಡುಗಡೆಯಾಯಿತು. ಮೂಲ ಹೆಸರು 'ಮೇಡ್ ಇನ್ ವಾರಿಯೋ'. ಇದರಲ್ಲಿ ಇನ್ನೂರಕ್ಕೂ ಹೆಚ್ಚು ಕಿರು ಆಟಗಳು. ಒಂದೊಂದೂ ಸುಮಾರು ಐದು ಸೆಕೆಂಡು. ಪರದೆಯ ಮೇಲೆ ಒಂದು ಮಾತು ಮಿಂಚುತ್ತದೆ. ತಪ್ಪಿಸಿಕೋ! ಹಿಡಿ! ಹಾರು! ಏನನ್ನು ತಪ್ಪಿಸಿಕೊಳ್ಳಬೇಕು, ಏನನ್ನು ಹಿಡಿಯಬೇಕು ಎಂಬುದನ್ನು ಯಾರೂ ವಿವರಿಸುವುದಿಲ್ಲ. ಬೀಳುತ್ತಿರುವ ಕೋಲನ್ನು ಹಿಡಿಯಬೇಕೋ, ಮೂಗಿನ ಹೊಳ್ಳೆಯೊಳಗೆ ಬೆರಳು ತೂರಿಸಬೇಕೋ, ನೋಡಿದೊಡನೆ ತಿಳಿದುಕೊಳ್ಳಬೇಕು. ತಿಳಿಯುವಷ್ಟರಲ್ಲಿ ಮುಂದಿನ ಆಟ ಬಂದಿರುತ್ತದೆ. ನಾಲ್ಕು ಸಲ ತಪ್ಪಿದರೆ ಮುಗಿಯಿತು. ಗೆಲ್ಲುತ್ತ ಹೋದಂತೆ ವೇಗ ಹೆಚ್ಚುತ್ತದೆ.

ಇದನ್ನು ಮಾಡಿದವರು ಹೇಳಿರುವ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ವಿಭಾಗದ ನೌಕರರು ತಮಗೆ ಹೊಳೆದ ಆಟಗಳನ್ನು ಅಂಟುಚೀಟಿಗಳ ಮೇಲೆ ಬರೆದು ನಿರ್ದೇಶಕ ಹಿರೋಫುಮಿ ಮತ್ಸುಓಕನ ಮೇಜಿಗೆ ಅಂಟಿಸಿ ಹೋಗುತ್ತಿದ್ದರಂತೆ. ಐದು ಸೆಕೆಂಡಿನ ಆಟಕ್ಕೆ ಒಂದು ಚೀಟಿಯ ಜಾಗ ಸಾಕಲ್ಲ! ಟಿಪ್ಪಣಿಯ ಮೇಲೆ ಟಿಪ್ಪಣಿ ಬರೆದು ಫೈಲು ದಪ್ಪವಾಗುವುದನ್ನಷ್ಟೇ ಬಲ್ಲ ನಮಗೆ, ಚೀಟಿಗಳಿಂದಲೂ ಏನಾದರೊಂದು ಹುಟ್ಟಬಹುದೆಂಬುದು ಸಮಾಧಾನದ ವಿಷಯ.

ಈ ಮೊದಲ ಆಟದಲ್ಲಿ ಕೈಗೆ ಹೊಸ ಕೆಲಸವೇನೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಯೊಕೊಯಿಯ ಅದೇ ನಾಲ್ಕು ದಿಕ್ಕಿನ ಗುಂಡಿ ಮತ್ತು ಒತ್ತಲು ಇನ್ನೊಂದು ಗುಂಡಿ, ಅಷ್ಟೇ. ಹೊಸತನವಿದ್ದದ್ದು ಕಾಲದಲ್ಲಿ. ದೊಡ್ಡ ಆಟವನ್ನು ಐದು ಸೆಕೆಂಡಿಗೆ ಇಳಿಸಿದಾಗ ಉಳಿಯುವುದು ಒಂದು ಕ್ರಿಯೆ ಮಾತ್ರ. ಆ ಕ್ರಿಯೆಯೇ ಆಟ ಎಂಬುದನ್ನು ಅವರು ಕಂಡುಕೊಂಡರು. ಕಂಡುಕೊಂಡ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಎದ್ದಿತು. ಕೈ ಒತ್ತುವುದನ್ನು ಮಾತ್ರವೇ ಮಾಡಬೇಕೇ?

ತಿರುಗಿಸು

ಈ ಪ್ರಶ್ನೆಗೆ ಎರಡು ಉತ್ತರಗಳು ಬಂದವು. ಎರಡೂ 2004ರಲ್ಲಿ, ಐವತ್ತು ದಿನಗಳೊಳಗೆ. ಈ ಜೋಡಿಯನ್ನು ಹೋಲಿಸುವುದೇ ಮಾಲೆಯ ಚರಿತ್ರೆಯಲ್ಲಿ ಅತ್ಯಂತ ರಸವತ್ತಾದ ಭಾಗ.

ಅಕ್ಟೋಬರ್ 14ರಂದು ಜಪಾನಿನಲ್ಲಿ ಬಂದದ್ದು 'ಮವಾರು ಮೇಡ್ ಇನ್ ವಾರಿಯೋ'. ಮವಾರು ಎಂದರೆ ತಿರುಗು. 2005ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದು 'ವಾರಿಯೋವೇರ್ ಟ್ವಿಸ್ಟೆಡ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ಯುರೋಪಿನ ಅಂಗಡಿಗಳಿಗೆ ಬರಲೇ ಇಲ್ಲ. ಯಂತ್ರ ಅದೇ ಹಳೆಯ ಗೇಮ್ ಬಾಯ್ ಅಡ್ವಾನ್ಸ್. ಅದರಲ್ಲಿ ತಿರುಗುವಿಕೆಯನ್ನು ಅರಿಯುವ ಯಾವ ಸಾಧನವೂ ಇರಲಿಲ್ಲ. ಆದ್ದರಿಂದ ಆಟದ ಕ್ಯಾಸೆಟ್ಟಿನೊಳಗೇ ಒಂದು ಜೈರೊಸ್ಕೋಪ್ ಬಿಲ್ಲೆಯನ್ನೂ, ನಡುಗುವ ಒಂದು ಪುಟ್ಟ ಸಾಧನವನ್ನೂ ಕೂರಿಸಿದರು. ಕ್ಯಾಸೆಟ್ಟು ಮಾಮೂಲಿಗಿಂತ ದಪ್ಪವಾಯಿತು. ಅದನ್ನು ಯಂತ್ರಕ್ಕೆ ಸಿಕ್ಕಿಸಿದೊಡನೆ ಇಡೀ ಯಂತ್ರವೇ ಕೈಯಲ್ಲಿ ತಿರುಗಿಸುವ ಚಕ್ರವಾಗಿಬಿಡುತ್ತಿತ್ತು.

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಅಗತ್ಯ. ಬಿ.ಎಸ್ಸಿ. ಓದಿದ್ದು ಎಲ್ಲಿಯಾದರೂ ಉಪಯೋಗಕ್ಕೆ ಬರಬೇಕಲ್ಲವೆ? ಇದಕ್ಕಿಂತ ಮೊದಲು, 2000ದಲ್ಲಿ, ಇದೇ ಸಂಸ್ಥೆ 'ಕೊರೊಕೊರೊ ಕರ್ಬಿ' ಎಂಬ ಆಟವನ್ನು ತಂದಿತ್ತು. ಅದರ ಕ್ಯಾಸೆಟ್ಟಿನಲ್ಲಿ ವೇಗೋತ್ಕರ್ಷವನ್ನು ಅಳೆಯುವ ಸಾಧನವಿತ್ತು. ಅದು ಗಾರೆ ಕೆಲಸದವನ ತೂಗುಗುಂಡಿನಂತೆ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂಬುದನ್ನು ನೋಡಿ, ಯಂತ್ರ ಎಷ್ಟು ವಾಲಿದೆ ಎಂದು ಹೇಳುತ್ತದೆ. ಆದರೆ ಯಂತ್ರವನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೀಸುಕಲ್ಲಿನಂತೆ ಸುತ್ತಿಸಿದರೆ ತೂಗುಗುಂಡಿಗೆ ಏನೂ ತಿಳಿಯದು. ಭೂಮಿಯ ಸೆಳೆತದ ದಿಕ್ಕು ಬದಲಾಗಿಲ್ಲವಲ್ಲ! ಜೈರೊಸ್ಕೋಪಿನ ಸ್ವಭಾವ ಬೇರೆ. ಅದು ಅಳೆಯುವುದು ತಿರುಗುವ ವೇಗವನ್ನು. ಯಂತ್ರವನ್ನು ಎತ್ತಿ ಹಿಡಿದು ತಿರುಗಿಸಿದರೂ ಸರಿ, ಮಲಗಿಸಿ ತಿರುಗಿಸಿದರೂ ಸರಿ, ಅದಕ್ಕೆ ಗೊತ್ತಾಗುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಕಂಡ ಜೈರೊಸ್ಕೋಪಿನಲ್ಲಿ ಬುಗುರಿಯಂತೆ ಸುತ್ತುವ ಚಕ್ರವಿರುತ್ತಿತ್ತು. ಈ ಬಿಲ್ಲೆಯಲ್ಲಿ ಸುತ್ತುವುದು ಏನೂ ಇಲ್ಲ. ಒಂದು ಸಣ್ಣ ತುಣುಕು ಒಂದೇ ಸಮನೆ ಕಂಪಿಸುತ್ತಿರುತ್ತದೆ. ಯಂತ್ರ ತಿರುಗಿದಾಗ ಆ ಕಂಪನ ಪಕ್ಕಕ್ಕೆ ಸರಿಯುತ್ತದೆ. ಅದಕ್ಕೆ ಕಾರಣವಾದ ಬಲವನ್ನು ಕೊರಿಯೋಲಿಸ್ ಬಲ ಎನ್ನುತ್ತಾರೆ. ಸರಿದದ್ದೆಷ್ಟು ಎಂಬುದು ವಿದ್ಯುತ್ತಾಗಿ ಹೊರಬೀಳುತ್ತದೆ. ಆ ವೇಗವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋದರೆ ಎಷ್ಟು ಕೋನ ತಿರುಗಿತೆಂಬ ಲೆಕ್ಕ ಸಿಗುತ್ತದೆ.

ಈ ಶಾಸ್ತ್ರವನ್ನೆಲ್ಲ ಆಡುವ ಮಗು ತಿಳಿಯಬೇಕಾಗಿಲ್ಲ. ಅದೇ ಇದರ ಸೊಗಸು. ಕೆಲವು ಆಟಗಳಿಗೆ ಕೂದಲೆಳೆಯಷ್ಟು ತಿರುವು ಸಾಕು. ಕೆಲವಕ್ಕೆ ಯಂತ್ರವನ್ನು ಪೂರ್ತಿ ಒಂದು ಸುತ್ತು ಹಾಕಿಸಬೇಕು. ತಿರುಗಿಸುವಾಗ ನಡುಗುವ ಸಾಧನ ಬೆರಳಿಗೆ 'ಕಟಕಟ' ಎಂಬ ಸ್ಪರ್ಶ ಕೊಡುತ್ತದೆ. ಹಳೆಯ ತಿಜೋರಿಯ ಚಕ್ರ ತಿರುಗಿಸಿದವರಿಗೆ ಅದರ ಸುಖ ಗೊತ್ತು. ಪರದೇಶದಲ್ಲಿರುವ ಬಂಧುಗಳೊಬ್ಬರ ಮಗ ರಜೆಗೆ ಬಂದಾಗ ತಂದಿದ್ದ ಇದನ್ನು ನಮ್ಮ ಮನೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಆಡಿದೆವು. ಆಡುವವರ ಕೈ ಮಾತ್ರವಲ್ಲದೆ ಭುಜ, ತಲೆ, ಕೊನೆಗೆ ಕುಳಿತ ಕುರ್ಚಿಯೂ ವಾಲುತ್ತಿತ್ತು. ಅಡಿಗೆಮನೆಯಿಂದ ಬಂದು ನಿಂತು ನೋಡಿದವರು ಪರದೆಯನ್ನು ನೋಡಿ ನಗಲಿಲ್ಲ, ಆಡುವವರನ್ನು ನೋಡಿ ನಕ್ಕರು. ಇದು ಸಣ್ಣ ಮಾತಲ್ಲ. ತಲೆ ತಗ್ಗಿಸಿ ಒಬ್ಬರೇ ಆಡುವ ಆಟ ಕೋಣೆಯವರಿಗೆಲ್ಲ ಆಟವಾಯಿತು.

ಮುಟ್ಟು, ಊದು

ಎರಡನೆಯ ಉತ್ತರ 2004ರ ಡಿಸೆಂಬರ್ 2ರಂದು ಬಂತು. ಅಂದು ಜಪಾನಿನಲ್ಲಿ 'ನಿಂಟೆಂಡೊ ಡಿ.ಎಸ್.' ಎಂಬ ಹೊಸ ಯಂತ್ರ ಮಾರಾಟಕ್ಕೆ ಬಂದ ದಿನ. ಪುಸ್ತಕದಂತೆ ತೆರೆದುಕೊಳ್ಳುವ ಎರಡು ಪರದೆ. ಕೆಳಗಿನದು ಮುಟ್ಟಿದರೆ ಅರಿಯುವಂಥದ್ದು. ಜೊತೆಗೆ ಒಂದು ಮೈಕು. ಯಂತ್ರದ ಜೊತೆಯಲ್ಲಿಯೇ 'ಸವಾರು ಮೇಡ್ ಇನ್ ವಾರಿಯೋ' ಬಂತು. ಸವಾರು ಎಂದರೆ ಮುಟ್ಟು. ಹೊರದೇಶಗಳಲ್ಲಿ ಇದರ ಹೆಸರು 'ವಾರಿಯೋವೇರ್ ಟಚ್ಡ್'. ಇದರಲ್ಲಿ ಗುಂಡಿಗಳಿಗೆ ಕೆಲಸವಿಲ್ಲ. ಬಳಪದ ಕಡ್ಡಿಯಂಥ ಒಂದು ಕಡ್ಡಿಯಿಂದ ಚುಚ್ಚಬೇಕು, ಉಜ್ಜಬೇಕು, ಎಳೆಯಬೇಕು, ಕತ್ತರಿಸಬೇಕು, ಸುತ್ತು ಬರೆಯಬೇಕು. ಮೈಕ್ ಎಂಬ ಹಾಡುವ ಯಂತ್ರಮಾನವನ ಭಾಗ ಬಂದಾಗ ಕಡ್ಡಿಯನ್ನು ಬದಿಗಿಟ್ಟು ಉಸಿರು ಊದಬೇಕು.

ಹೊಸ ಯಂತ್ರದಿಂದ ಏನೇನು ಸಾಧ್ಯ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು. ಬಳಪ ಹಿಡಿದು ಸ್ಲೇಟಿನ ಮೇಲೆ ತಿದ್ದಿದವರಿಗೆ, ಒಲೆಯ ಕೊಳವೆ ಊದಿದವರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ಆದರೆ ಐವತ್ತು ದಿನ ಹಿಂದಿನ ತನ್ನ ಅಣ್ಣನ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವ್ಯತ್ಯಾಸ ಕಾಣುತ್ತದೆ. ಕಡ್ಡಿಯ ಆಟದಲ್ಲಿ ಮೈ ಸುಮ್ಮನಿರುತ್ತದೆ, ಬೆರಳು ಮಾತ್ರ ಚುರುಕು. ಅಲ್ಲದೆ ಮುಟ್ಟುವ ಪರದೆ ಮುಂದೆ ದೂರವಾಣಿಗಳ ಮೂಲಕ ಮನೆಮನೆಗೂ ಬಂತು. 2004ರಲ್ಲಿ ಬೆರಗು ಹುಟ್ಟಿಸಿದ್ದು ಇಂದು ಮೂರು ವರ್ಷದ ಮಗುವಿಗೂ ಅಭ್ಯಾಸ. ತಿರುಗಿಸುವ ಆಟದ ವಿನೋದ ಮಾತ್ರ ಇಂದಿಗೂ ಮಾಸಿಲ್ಲ. ಹೊಸ ಸಾಧನ ಬೇಗ ಹಳತಾಯಿತು, ಹಳೆಯ ಸಾಧನಕ್ಕೆ ಕೊಟ್ಟ ಹೊಸ ಕೆಲಸ ಹಳತಾಗಲಿಲ್ಲ. ಯೊಕೊಯಿ ಬದುಕಿದ್ದಿದ್ದರೆ ತಲೆದೂಗುತ್ತಿದ್ದನೇನೋ.

ಕ್ಯಾಮೆರಾದ ಮುಂದೆ

2006ರಲ್ಲಿ ಟೆಲಿವಿಷನ್ನಿಗೆ ಜೋಡಿಸುವ 'ವೀ' ಯಂತ್ರಕ್ಕಾಗಿ 'ಓದೊರು' ಎಂಬ ಹೆಸರಿನ ಆಟ ಬಂತು. ಕನ್ನಡದ 'ಓದು' ಅಲ್ಲ. ಜಪಾನೀ ಭಾಷೆಯಲ್ಲಿ ಓದೊರು ಎಂದರೆ ಕುಣಿ. ಅದು ಅಂಗೈಯಾಟವಲ್ಲವಾದ್ದರಿಂದ ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇವೆ.

ಅಂಗೈಯಾಟದ ಸಾಲಿನಲ್ಲಿ ಮುಂದಿನದು 2008ರ ಡಿಸೆಂಬರಿನಲ್ಲಿ ಜಪಾನಿನಲ್ಲಿಯೂ, 2009ರಲ್ಲಿ ಇತರ ದೇಶಗಳಲ್ಲಿಯೂ ಬಂದ 'ವಾರಿಯೋವೇರ್ ಸ್ನ್ಯಾಪ್ಡ್'. ಜಪಾನೀ ಹೆಸರಿನಲ್ಲಿರುವ 'ಉತ್ಸುಸು' ಎಂಬ ಮಾತಿಗೆ ಚಿತ್ರ ತೆಗೆ ಎಂದರ್ಥ. ಡಿ.ಎಸ್.ಐ. ಎಂಬ ಸುಧಾರಿತ ಯಂತ್ರದ ಕ್ಯಾಮೆರಾ ಇದರ ಸಾಧನ. ಯಂತ್ರವನ್ನು ಮೇಜಿನ ಮೇಲೆ ತೆರೆದಿಟ್ಟು, ಪರದೆಯಲ್ಲಿ ತೋರಿಸಿದ ಗೆರೆಗಳೊಳಗೆ ಮುಖವನ್ನೂ ಕೈಯನ್ನೂ ಹೊಂದಿಸಿಕೊಂಡು ಕೂಡಬೇಕು. ಯಂತ್ರ ನಮ್ಮ ನೆರಳಿನಾಕಾರವನ್ನು ಹಿಡಿದು ಆಟದೊಳಕ್ಕೆ ಸೇರಿಸುತ್ತದೆ. ಆಟ ಮುಗಿದ ಮೇಲೆ, ಆಡುವಾಗ ನಾವು ಮಾಡಿದ ಮಂಗಚೇಷ್ಟೆಗಳ ಚಿತ್ರಗಳನ್ನು ತೋರಿಸುತ್ತದೆ. ಈ ಕೊನೆಯ ಭಾಗ ನಿಜಕ್ಕೂ ತಮಾಷೆಯದು.

ಆದರೆ ಮಾಲೆಯಲ್ಲಿ ಅತ್ಯಂತ ಬಡವಾದದ್ದು ಇದೇ. ಇದ್ದ ಕಿರು ಆಟಗಳು ಇಪ್ಪತ್ತು ಮಾತ್ರ. ಬೆಳಕು ಚೆನ್ನಾಗಿರಬೇಕು. ಹಿಂದಿನ ಗೋಡೆ ಬೋಳಾಗಿರಬೇಕು. ಗೋಡೆಯ ಮೇಲೆ ಕ್ಯಾಲೆಂಡರು, ಬಾಗಿಲಿಗೆ ಬಣ್ಣದ ಪರದೆ, ಹಿಂದೆ ಓಡಾಡುವ ಜನ ಇದ್ದರೆ ಯಂತ್ರಕ್ಕೆ ಗಲಿಬಿಲಿ. ಎರಡು ಕೋಣೆಯ ಮನೆಯಲ್ಲಿ ಆರು ಮಂದಿ ಬಾಳುವ ನಮ್ಮಂಥ ಸಂಸಾರಗಳಿಗೆ ಅಂಥ ಬೋಳು ಗೋಡೆ ಎಲ್ಲಿಂದ ಬರಬೇಕು? ಹಿಂದಿನ ಆಟಗಳಲ್ಲಿ ಯಂತ್ರ ಮನುಷ್ಯನ ಕೈಗೆ ಹೊಂದಿಕೊಂಡಿತ್ತು. ಇಲ್ಲಿ ಮನುಷ್ಯ ಯಂತ್ರದ ಕಣ್ಣಿಗೆ ಹೊಂದಿಕೊಳ್ಳಬೇಕಾಯಿತು. ಐದು ಸೆಕೆಂಡಿನ ಆಟಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಸಜ್ಜಾಗಬೇಕಾದರೆ ಆಟದ ಜೀವವೇ ಹೋಯಿತು.

ಇನ್ನೊಂದು ವಿಷಾದದ ಸಂಗತಿಯುಂಟು. ಈ ಆಟ ಅಂಗಡಿಯಲ್ಲಿ ಡಬ್ಬಿಯಾಗಿ ಸಿಗುತ್ತಿರಲಿಲ್ಲ. ಯಂತ್ರದ ಮೂಲಕವೇ ದುಡ್ಡು ಕೊಟ್ಟು ಇಳಿಸಿಕೊಳ್ಳಬೇಕಿತ್ತು. 2017ರ ಮಾರ್ಚ್ 31ರಂದು ಆ ಮಳಿಗೆ ಮುಚ್ಚಿತು. ಮರದ ಅಳಗುಳಿಮಣೆ ಅಟ್ಟದ ಮೇಲೆ ಧೂಳು ಹಿಡಿದು ಕುಳಿತಿದ್ದರೂ ಮೊಮ್ಮಕ್ಕಳು ಒಂದು ದಿನ ಒರೆಸಿ ಆಡಿಯಾರು. ಮುಚ್ಚಿದ ಮಳಿಗೆಯ ಆಟಕ್ಕೆ ಅಟ್ಟವೂ ಇಲ್ಲ.

ನೀನೇ ಮಾಡು

2009ರ ಏಪ್ರಿಲಿನಲ್ಲಿ ಜಪಾನಿನಲ್ಲಿಯೂ, 2010ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿಯೂ ಬಂದ 'ವಾರಿಯೋವೇರ್ ಡಿ.ಐ.ವೈ.' ಬೇರೊಂದು ದಾರಿ ಹಿಡಿಯಿತು. ಆಡುವ ಕ್ರಮದಲ್ಲಿ ಇದು ಎಲ್ಲಕ್ಕಿಂತ ಸರಳ. ಕಡ್ಡಿಯಿಂದ ತಟ್ಟುವುದು, ಅಷ್ಟೇ. ಆದರೆ ಆಟವನ್ನು ಮಾಡುವ ಕೆಲಸವನ್ನೇ ಆಟಗಾರನಿಗೆ ವಹಿಸಿದರು. ಚಿತ್ರ ಬರೆಯುವುದು, ಸಂಗೀತ ಕೂಡಿಸುವುದು, ಇದನ್ನು ತಟ್ಟಿದರೆ ಅದು ಆಗಲಿ ಎಂಬ ನಿಯಮಗಳನ್ನು ಜೋಡಿಸುವುದು, ಎಲ್ಲಕ್ಕೂ ಪಾಠಗಳಿದ್ದವು. ಮೇಜಿಗೆ ಚೀಟಿ ಅಂಟಿಸುವ ಹಕ್ಕು ನಿರ್ದೇಶಕನ ಕೋಣೆಯಿಂದ ಮಕ್ಕಳ ಕೋಣೆಗೆ ಬಂತು. ತಾವು ಮಾಡಿದ ಆಟಗಳನ್ನು ಸ್ನೇಹಿತರಿಗೆ ಕಳುಹಿಸಬಹುದಾಗಿತ್ತು. ಅದಕ್ಕೆ ಆಧಾರವಾಗಿದ್ದ ಅಂತರಜಾಲ ಸೇವೆಯನ್ನು 2014ರ ಮೇ 20ರಂದು ನಿಲ್ಲಿಸಲಾಯಿತು. ನಮ್ಮ ಅಭಿಪ್ರಾಯದಲ್ಲಿ ಮಾಲೆಯಲ್ಲಿ ಅತ್ಯಂತ ಉದಾರವಾದದ್ದು ಇದು. ಅತ್ಯಂತ ಕಷ್ಟದ್ದೂ ಇದೇ. ಐದು ಸೆಕೆಂಡಿನ ಆಟ ಮಾಡಲು ಒಂದು ಮಧ್ಯಾಹ್ನವೇ ಬೇಕೆಂಬುದು ಮಾಡಲು ಕುಳಿತವರಿಗೇ ಗೊತ್ತು.

ಸಮಾರಾಧನೆ, ಅನಂತರ

2018ರಲ್ಲಿ 'ತ್ರೀ ಡಿ.ಎಸ್.' ಯಂತ್ರಕ್ಕೆ ಬಂದ 'ವಾರಿಯೋವೇರ್ ಗೋಲ್ಡ್' ಒಂದು ಬಗೆಯ ಸಮಾರಾಧನೆ. ಮುನ್ನೂರಕ್ಕೂ ಹೆಚ್ಚು ಕಿರು ಆಟಗಳು. ಒತ್ತುವುದು, ತಿರುಗಿಸುವುದು, ಮುಟ್ಟುವುದು ಎಂದು ಮೂರು ಪಂಕ್ತಿ. ನಡುವೆ ಊದುವುದೂ ಉಂಟು. ಹದಿನಾಲ್ಕು ವರ್ಷಗಳ ಹಿಂದೆ ಕ್ಯಾಸೆಟ್ಟಿನೊಳಗೆ ಹೊತ್ತು ತಂದಿದ್ದ ಜೈರೊಸ್ಕೋಪ್ ಈಗ ಯಂತ್ರದಲ್ಲಿಯೇ ಇತ್ತು. ಇದರ ನಿಜವಾದ ಸ್ವಾರಸ್ಯವಿರುವುದು ಮೂರನ್ನೂ ಬೆರೆಸಿ ಬಡಿಸುವ ಭಾಗದಲ್ಲಿ. ಒಂದು ಕ್ಷಣ ಗುಂಡಿ, ಮರುಕ್ಷಣ ಕಡ್ಡಿ, ಅದರ ಮರುಕ್ಷಣ ಇಡೀ ಯಂತ್ರವನ್ನೇ ತಿರುಗಿಸಬೇಕು. ಕೈ ಗೊಂದಲಪಡುವುದೇ ಇಲ್ಲಿಯ ವಿನೋದ. ಮೊದಲ ಸಲ ಈ ಮಾಲೆಯನ್ನು ನೋಡುವವರಿಗೆ ನಾವು ತೋರಿಸುವುದು ಇದನ್ನೇ.

2021ರ ಸೆಪ್ಟೆಂಬರಿನಲ್ಲಿ 'ಸ್ವಿಚ್' ಯಂತ್ರಕ್ಕೆ 'ಗೆಟ್ ಇಟ್ ಟುಗೆದರ್' ಬಂತು. ಕೈಯಲ್ಲಿ ಹಿಡಿದೂ ಆಡಬಹುದು, ಟೆಲಿವಿಷನ್ನಿಗೆ ಜೋಡಿಸಿಯೂ ಆಡಬಹುದು. ಇಲ್ಲಿ ವಿಚಿತ್ರವಾದದ್ದು ಯಂತ್ರದ ಸಾಧನವಲ್ಲ, ಪಾತ್ರಗಳ ಮೈಕಟ್ಟು. ಒಬ್ಬ ಹುಡುಗ ಹಲಗೆಯ ಮೇಲೆ ಜಾರುತ್ತಲೇ ಇರುತ್ತಾನೆ, ನಿಲ್ಲಲಾರ. ಇನ್ನೊಬ್ಬ ನಿಂತಲ್ಲಿಂದ ಕದಲಲಾರ, ಬಳೆಯಂಥ ಬಿಲ್ಲೆಗಳನ್ನು ಎಸೆಯಬಲ್ಲ. ಅದೇ ಕಿರು ಆಟ, ಯಾರು ಒಳಹೊಕ್ಕರು ಎಂಬುದರ ಮೇಲೆ ಬೇರೆಯೇ ಆಟವಾಗುತ್ತದೆ. ಇಬ್ಬರು ಕೂಡಿ ಆಡುವುದಕ್ಕೆ ಇದು ತಕ್ಕದ್ದು. ಇದರ ಜಪಾನೀ ಹೆಸರು ಚೆಲುವಾದದ್ದು. ತನಗೆ ಬಂದದ್ದರಲ್ಲಿ ಇತರರಿಗೂ ಒಂದು ಪಾಲು ಹಂಚುವುದಕ್ಕೆ ಅಲ್ಲಿ 'ಒಸುಸೊವಾಕೆ' ಎನ್ನುತ್ತಾರೆ. ಅದನ್ನೇ ಕ್ರಿಯಾಪದ ಮಾಡಿ ಹೆಸರಿಟ್ಟಿದ್ದಾರೆ. ಊರಿನಿಂದ ಬಂದ ಹಪ್ಪಳ ಸಂಡಿಗೆಯಲ್ಲಿ ಪಕ್ಕದ ಮನೆಗೆ ನಾಲ್ಕು ಕೊಟ್ಟುಬರುವ ನಮಗೆ ಆ ಪದ ಪರಕೀಯವಲ್ಲ.

2023ರ ನವೆಂಬರಿನಲ್ಲಿ ಬಂದ 'ಮೂವ್ ಇಟ್' ಮತ್ತೆ ಮೈಯನ್ನೇ ಕುಣಿಸುತ್ತದೆ. ಯಂತ್ರದ ಎರಡು ಬದಿಯ ಹಿಡಿಗಳನ್ನು ಬಿಚ್ಚಿ ಎರಡು ಕೈಯಲ್ಲಿ ಹಿಡಿದು, ಹೇಳಿದ ಭಂಗಿಯಲ್ಲಿ ನಿಂತು ಆಡಬೇಕು. ಅಂಗೈಯಲ್ಲಿ ಆರಂಭವಾದದ್ದು ಹೀಗೆ ಅಂಗಳಕ್ಕೆ ಇಳಿಯಿತು.

ತೂಗಿ ನೋಡಿದಾಗ

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನಮಗೆ ಕಾಣುವುದು ಇಷ್ಟು. ಸಾಧನ ಎಷ್ಟು ಹೊಸದು ಎಂಬುದರಿಂದ ಆಟದ ಯೋಗ್ಯತೆ ನಿರ್ಧಾರವಾಗುವುದಿಲ್ಲ. ಹೇಳಿದ ಒಂದು ಮಾತಿಗೂ ಕೈ ಮಾಡುವ ಕೆಲಸಕ್ಕೂ ನಡುವೆ ಎಷ್ಟು ದೂರ ಎಂಬುದರಿಂದ ನಿರ್ಧಾರವಾಗುತ್ತದೆ. 'ತಿರುಗು' ಎಂದಾಗ ತಿರುಗಿಸುತ್ತೇವೆ, 'ಊದು' ಎಂದಾಗ ಊದುತ್ತೇವೆ. ಮಾತು ಮತ್ತು ಕ್ರಿಯೆ ಒಂದಾದಲ್ಲೆಲ್ಲ ಈ ಮಾಲೆ ಗೆದ್ದಿದೆ. 'ಗೆರೆಯೊಳಗೆ ಕುಳಿತುಕೋ, ದೀಪ ಹಾಕು, ಹಿಂದಿನವರನ್ನು ಸರಿಸು' ಎಂದು ಮಾತು ಬೆಳೆದಲ್ಲಿ ಸೋತಿದೆ. ಆದ್ದರಿಂದ ನಮ್ಮ ಮೊದಲ ಸ್ಥಾನ 2004ರ ತಿರುಗಿಸುವ ಆಟಕ್ಕೆ, ಕೊನೆಯ ಸ್ಥಾನ ಕ್ಯಾಮೆರಾದ ಆಟಕ್ಕೆ. ಉಳಿದವುಗಳ ಸ್ಥಾನವನ್ನು ಮಕ್ಕಳು ಚರ್ಚಿಸಿ ಗೊತ್ತುಮಾಡಲಿ.

ನಮ್ಮ ಮನೆಯ ಕ್ರಿಯಾಪದಗಳು

ಈ ಆಟಗಳ ಜಪಾನೀ ಹೆಸರುಗಳನ್ನು ಸಾಲಾಗಿ ಓದಿದಾಗ ನಮಗೆ ಒಂದು ವಿಚಾರ ಹೊಳೆಯಿತು. ತಿರುಗು, ಮುಟ್ಟು, ಕುಣಿ, ಚಿತ್ರ ತೆಗೆ, ಹಂಚು. ಎಲ್ಲವೂ ಕ್ರಿಯಾಪದಗಳು. ಕನ್ನಡದಲ್ಲಿ ಆಜ್ಞೆಗೆ ಬೇರೆ ಪ್ರತ್ಯಯ ಬೇಡ. ಧಾತುವೇ ಆಜ್ಞೆ. ಮಾಡು, ಕೊಡು, ನೋಡು ಎಂಬವು ವ್ಯಾಕರಣದ ಬೇರುಗಳೂ ಹೌದು, ಅಮ್ಮ ಮಗುವಿಗೆ ಹೇಳುವ ಮೊದಲ ಮಾತುಗಳೂ ಹೌದು. ಭಾಷೆ ಮಗುವಿನ ಮೈಗೆ ಇಳಿಯುವುದು ಇಲ್ಲಿಂದಲೇ. ಅಕ್ಷರದಿಂದಲ್ಲ, ಕೈಯಿಂದ.

ಹೊರನಾಡಿನಲ್ಲಿರುವ ನಮ್ಮ ಮನೆಗಳ ಸ್ಥಿತಿ ಹೇಗಿದೆ? ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಮನೆಯಲ್ಲಿ ಉಳಿದಷ್ಟು ಕನ್ನಡ. ಆ ಉಳಿದ ಕನ್ನಡವನ್ನು ಒಂದು ದಿನ ಪಟ್ಟಿ ಮಾಡಿ ನೋಡಿ. ಏಳು, ಹಲ್ಲುಜ್ಜು, ತಿನ್ನು, ಓದು, ಮಲಗು, ಆ ಯಂತ್ರ ಕೆಳಗಿಡು. ಮಕ್ಕಳೊಡನೆ ನಾವಾಡುವ ಕನ್ನಡ ಹೆಚ್ಚುಕಡಿಮೆ ಆಜ್ಞೆಗಳ ಕನ್ನಡವಾಗಿದೆ. ಮಗು ಅದನ್ನು ಅರ್ಥಮಾಡಿಕೊಳ್ಳುತ್ತದೆ, ಪಾಲಿಸುತ್ತದೆ, ಆದರೆ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಉತ್ತರ ಕೊಡುತ್ತದೆ. ಐದು ಸೆಕೆಂಡಿನ ಆಟದಂತೆಯೇ ಐದು ಸೆಕೆಂಡಿನ ಸಂಭಾಷಣೆ. ಬೆರಳು ಆಡುತ್ತದೆ, ಬಾಯಿ ಆಡುವುದಿಲ್ಲ ಎಂಬ ದೂರನ್ನು ಯಂತ್ರದ ಮೇಲೆ ಹೊರಿಸುವುದಕ್ಕೆ ಮುಂಚೆ ನಮ್ಮ ಮಾತಿನ ಕಡೆಗೂ ಕಣ್ಣು ಹಾಯಿಸುವುದು ಒಳ್ಳೆಯದು.

ಆಜ್ಞೆಯಿಂದ ಆರಂಭವಾದದ್ದರಲ್ಲಿ ತಪ್ಪಿಲ್ಲ. ಅಲ್ಲಿಯೇ ನಿಂತರೆ ತಪ್ಪು. ಈ ಆಟಗಳ ಮಾಲೆಯೂ ಅಲ್ಲಿಯೇ ನಿಲ್ಲಲಿಲ್ಲ. 'ಒತ್ತು' ಎಂದು ಆರಂಭಿಸಿ, ಒಂದು ಹಂತದಲ್ಲಿ 'ನೀನೇ ಒಂದು ಆಟ ಮಾಡು' ಎಂದು ಹೇಳಿ, ಆಮೇಲೆ 'ಇಬ್ಬರೂ ಹಂಚಿಕೊಂಡು ಆಡಿ' ಎಂಬಲ್ಲಿಗೆ ಬಂತು. ಕನ್ನಡದಲ್ಲಿ ಇದಕ್ಕೆ ಒಂದು ಸುಂದರ ರೂಪವೇ ಉಂಟು. ಮಾಡು ಎಂಬುದರ ಪಕ್ಕದಲ್ಲಿ ಮಾಡೋಣ. ಆಡು ಎಂಬುದರ ಪಕ್ಕದಲ್ಲಿ ಆಡೋಣ.

ಸಂಘದ ಮಕ್ಕಳ ಕೂಟಕ್ಕೆ ನಮ್ಮದೊಂದು ಸಲಹೆ. ಇದಕ್ಕೆ ಯಂತ್ರವೂ ಬೇಡ, ಖರ್ಚೂ ಇಲ್ಲ. ಮಕ್ಕಳು ಚೀಟಿಗಳ ಮೇಲೆ ತಲಾ ಒಂದು ಕನ್ನಡ ಕ್ರಿಯಾಪದವನ್ನು ಬರೆದುಕೊಂಡು ಬರಲಿ. ಲಿಪಿ ಬಾರದವರಿಗೆ ಅಜ್ಜಿ ತಾತ ಬರೆದುಕೊಡಲಿ. ಗಿರಕಿ ಹೊಡಿ, ಕುಂಟು, ಇಣುಕು, ನುಸುಳು, ತೂಗು, ಕುಕ್ಕರಿಸು, ಹೀಗೆ. ಒಬ್ಬರು ಚೀಟಿ ಎತ್ತಿ ಕೂಗಬೇಕು. ಐದು ಎಣಿಸುವುದರೊಳಗೆ ಎಲ್ಲರೂ ಅದನ್ನು ಮಾಡಿ ತೋರಿಸಬೇಕು. ಸೋತವರು ಆ ಪದವನ್ನಿಟ್ಟುಕೊಂಡು ಒಂದು ಪೂರ್ತಿ ವಾಕ್ಯ ಹೇಳಬೇಕು. ಸುತ್ತು ಹೋದಂತೆ ಎಣಿಕೆ ಚುರುಕಾಗಲಿ. ಹಿರಿಯರು ಹಿಂದಿನ ಸಾಲಿನಲ್ಲಿ ಗೊಣಗುತ್ತ ಕೂಡದೆ ಮುಂದೆ ಬಂದು ತಾವೂ ಒಂದೆರಡು ಸಲ ಕುಕ್ಕರಿಸಲಿ. ನುಸುಳು, ಇಣುಕು ಎಂಬ ಪದಗಳು ಎಷ್ಟು ಮಕ್ಕಳಿಗೆ ಗೊತ್ತು ಎಂಬುದು ಅಂದೇ ತಿಳಿಯುತ್ತದೆ. ಮುಂದಿನ ಕೂಟಕ್ಕೆ ಯಾವ ಚೀಟಿಗಳನ್ನು ಬರೆಯಬೇಕೆಂಬುದೂ ಅಂದೇ ಗೊತ್ತಾಗುತ್ತದೆ.